ಮೂರನೇ ಸಿಲಿಂಡರ್

ಮಾರ್ಚ್ ೩, ಸೋಮವಾರ

ಈ ಡೈರಿ ಎಂಜಿನ್ ಆಯಿಲ್ ಮಾರುವವನು ಪುಕ್ಕಟೆ ಕೊಟ್ಟದ್ದು. ಎರಡು ತಿಂಗಳಿಂದ ಸ್ಪ್ಯಾನರ್ ಡಬ್ಬದ ಕೆಳಗೆ ಬಿದ್ದಿತ್ತು, ಇವತ್ತು ಒರೆಸಿ ಒಳಗೆ ತಂದೆ. ಬರೆಯುವ ಚಪಲವೇನೂ ನನಗಿಲ್ಲ. ಇಪ್ಪತ್ತೆರಡು ವರ್ಷ ಊಟಕ್ಕೆ ಕೂತಾಗಲೆಲ್ಲ ನಮ್ಮ ಯಜಮಾನರಿಗೆ ಗ್ಯಾರೇಜ್ ಶೆಡ್ಡಿನ ಕಥೆ ಹೇಳಿ, ಬೈಸಿಕೊಂಡು, ತಿರುಗಿ ಬೈದು ರೂಢಿ. ಇವರಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯಿತು. ಈಗ ಎಷ್ಟು ಹೇಳಿದರೂ ಸೂರು ನೋಡುತ್ತಾರೆ. ಬೈಯುವವರಿಲ್ಲದೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಇವತ್ತು ಶಾಲೆ ಬಸ್ಸಿನ ಎಂಜಿನ್ನಿಗೆ ಮೇಲಿನ ಮುಚ್ಚಳ, ಹೆಡ್, ಕೂರಿಸಿ ಮುಗಿಸಿದೆ. ಹೋದ ತಿಂಗಳು ಸೇತುವೆಯ ಏರಿನಲ್ಲಿ ನೀರು ಕುದಿದು, ಗ್ಯಾಸ್ಕೆಟ್ ಸುಟ್ಟು, ಹೆಡ್ ಸೊಟ್ಟಗಾಗಿತ್ತು. ಬಿಚ್ಚುವುದರಿಂದ ಹಿಡಿದು ಕೊನೆಯ ಬೋಲ್ಟ್ ಬಿಗಿಯುವ ತನಕ ಒಬ್ಬಳೇ ಮಾಡಿದ್ದು ಇದೇ ಮೊದಲು. ನಮ್ಮಲ್ಲಿ ಬಿಚ್ಚಿ ತೊಳೆಯುವುದು ಅವರ ಕೆಲಸ, ಕೂಡಿಸುವುದು ನನ್ನದು. ಕೂಡಿಸಿದ ಮೇಲೆ ಎಂಜಿನ್ ಶುರು ಮಾಡಿ, ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿ ಕೇಳುವುದು ಮತ್ತೆ ಅವರೇ. ಅವರ ಶೆಡ್ಡಿನ ಕಟ್ಟಳೆ ಅದು. ಕೂಡಿಸಿದವರು ಕೇಳಬಾರದು, ತಮಗೆ ಬೇಕಾದದ್ದೇ ಕೇಳಿಸುತ್ತದೆ ಅನ್ನುತ್ತಿದ್ದರು.

ಇವತ್ತು ಬೇರೆ ಯಾರಿದ್ದಾರೆ? ನಾನೇ ಕೇಳಿದೆ. ಶಬ್ದ ಇದೆ.

ಮಾರ್ಚ್ ೪, ಮಂಗಳವಾರ

ಡೀಸಲ್ ಎಂಜಿನ್ ಗಲಾಟೆ ಮಾಡುವುದು ಹುಟ್ಟುಗುಣ. ಅದರ ಮಾತಲ್ಲ ನಾನು ಹೇಳುತ್ತಿರುವುದು. ಆ ಗಲಾಟೆಯ ಒಳಗೆ ಇನ್ನೊಂದಿದೆ. ಟಕ್, ಟಕ್, ಟಕ್. ಒಳಗಿಂದ ಯಾರೋ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಬಿಸಿಯಾದ ಮೇಲೂ ಹೋಗುವುದಿಲ್ಲ.

ವಾಲ್ವುಗಳ ಮೇಲಿನ ಟ್ಯಾಪೆಟ್ ಗ್ಯಾಪು ಎರಡು ಸಲ ನೋಡಿದೆ, ಸರಿ ಇದೆ. ಹೆಡ್ ಬೋಲ್ಟ್‌ಗಳನ್ನು ಮತ್ತೆ ಕ್ರಮವಾಗಿ ಬಿಗಿದೆ. ಡೀಸಲ್ ಪಂಪಿನ ಟೈಮಿಂಗ್ ಗುರುತು ಕೂಡ ಕೂದಲೆಳೆ ಆಚೀಚೆ ಇಲ್ಲ.

ಮಧ್ಯಾಹ್ನ ಬಸ್ಸಿನ ಡ್ರೈವರ್ ಬಂದಿದ್ದ. ನಾವು ಅವನಿಗೆ ಇಟ್ಟ ಹೆಸರು ಗಡಿಬಿಡಿ. ಬಸ್ಸು ನಿಲ್ಲುವುದಕ್ಕೆ ಮೊದಲೇ ಅವನು ಇಳಿದಿರುತ್ತಾನೆ.

"ಅಕ್ಕ, ಡೀಸಲ್ ಗಾಡಿ ಅಂದ್ಮೇಲೆ ಶಬ್ದ ಇರತ್ತೆ. ಶಬ್ದ ಇಲ್ದಿದ್ರೆ ನಂಗೇ ಭಯ ಆಗತ್ತೆ," ಅಂದ.

"ಇದು ಆ ಶಬ್ದ ಅಲ್ಲಪ್ಪ. ಸರಿಯಾಗಿ ಕೇಳು."

ಕೇಳಿದ ಹಾಗೆ ಮಾಡಿದ. "ಏನೂ ಇಲ್ಲಕ್ಕ. ಮಕ್ಕಳು ವ್ಯಾನಲ್ಲಿ ಎರಡೆರಡು ಟ್ರಿಪ್ಪು ಹೋಗ್ತಿದಾವೆ. ಹೆಡ್‌ಮಾಸ್ಟರು ನನ್ನ ಹೆಡ್ಡೇ ತೆಗೀತಾರೆ."

ಅವನು ನಗಿಸಿದ್ದಕ್ಕೆ ನಕ್ಕೆ. ಬಸ್ಸು ಮಾತ್ರ ಕೊಡಲಿಲ್ಲ.

ಮಾರ್ಚ್ ೫, ಬುಧವಾರ

ಬೆಳಗ್ಗೆ ಎಂಜಿನ್ ಓಡಿಸುತ್ತಿದ್ದಾಗ ಅತ್ತೆ ಕಿಟಕಿಯಿಂದ ಕೂಗಿದರು. ಅವರ ಮಗ ಮಲಗಿರುವ ಕೋಣೆಯ ಕಿಟಕಿ ಶೆಡ್ಡಿನ ಅಂಗಳಕ್ಕೇ ತೆರೆದುಕೊಳ್ಳುತ್ತದೆ. ಅತ್ತೆಗೆ ಎರಡು ಕಣ್ಣಿಗೂ ಪೊರೆ, ಎಲ್ಲವನ್ನೂ ಕಿವಿಯಲ್ಲೇ ನೋಡುತ್ತಾರೆ.

"ಇಲ್ಲಿ ಬಾರೇ ಬೇಗ. ಅವನು ಏನೋ ಬಡೀತಿದಾನೆ."

ಕೈ ಒರೆಸಿಕೊಳ್ಳದೆ ಓಡಿದೆ. ಇವರ ಬಲಗೈ ಮಂಚದ ಪಕ್ಕದ ಕಬ್ಬಿಣದ ಸರಳಿನ ಮೇಲಿತ್ತು. ತೋರುಬೆರಳು ಎದ್ದು ಬೀಳುತ್ತಿತ್ತು, ಉಗುರು ಸರಳಿಗೆ ತಾಗಿ ಸದ್ದಾಗುತ್ತಿತ್ತು. ಮೂರು ಸಲ. ನಿಂತಿತು. ಮತ್ತೆ ಮೂರು ಸಲ. ನಾಲ್ಕು ತಿಂಗಳಲ್ಲಿ ಈ ಮೈಯಲ್ಲಿ ತಾನಾಗಿ ಏನೂ ಅಲುಗಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: "ಕಿವಿಗೆ ಬೀಳಬಹುದು, ಒಳಗೆ ಅರ್ಥ ಆಗ್ತಿದೆ ಅಂತ ನಾನು ಹೇಳೋಕಾಗಲ್ಲ. ಕೈಕಾಲು ಎಲ್ಲಾದ್ರೂ ಅಲುಗಿದ್ರೆ ಅದು ನರದ ಆಟ. ಅದನ್ನ ನಂಬ್ಕೊಂಡು ಕೂರಬೇಡಿ." ಅವರು ಡಾಕ್ಟರು, ಮೆಕ್ಯಾನಿಕ್ ಅಲ್ಲ. ಬಸ್ಸಿಗಿರುವುದು ನಾಲ್ಕು ಸಿಲಿಂಡರ್. ಇವರು ಹೇಳುತ್ತಿರುವುದು ಮೂರು.

"ರೀ, ಮೂರನೇದಾ?" ಅಂತ ಕೇಳಿದೆ.

ಬೆರಳು ಮೂರು ಸಲ ಬಡಿಯಿತು. ಅಲ್ಲೇ ಮಂಚದ ಪಕ್ಕ ಕೂತು ಅತ್ತೆ, ನಾನು ಇಬ್ಬರೂ ಅತ್ತೆವು. ಹೊರಗೆ ಎಂಜಿನ್ ಓಡುತ್ತಲೇ ಇತ್ತು, ಆರಿಸುವುದು ನೆನಪಾಗಲಿಲ್ಲ.

ಮಾರ್ಚ್ ೬, ಗುರುವಾರ

ಮೂರನೇ ಸಿಲಿಂಡರಿನ ಡೀಸಲ್ ಪೈಪಿನ ನಟ್ ಸಡಿಲಿಸಿದೆ. ಹಾಗೆ ಮಾಡಿದರೆ ಅದಕ್ಕೆ ಡೀಸಲ್ ಹೋಗುವುದಿಲ್ಲ, ಆ ಒಂದು ಸಿಲಿಂಡರ್ ಮಾತ್ರ ಸತ್ತಂತೆ. ದೋಷ ಅದರದ್ದಾದರೆ ಶಬ್ದವೂ ಅದರ ಜೊತೆಗೇ ಸಾಯಬೇಕು. ಎಂಜಿನ್ ಕುಂಟಿತು. ಶಬ್ದ ಕಮ್ಮಿಯಾಯಿತು ಅನಿಸಿತು.

ಕಮ್ಮಿಯಾಯಿತು.

ಮಧ್ಯಾಹ್ನ ಇವರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಎಲ್ಲ ಹೇಳಿದೆ. ಹೆಡ್ ಎಷ್ಟು ಸೊಟ್ಟಗಾಗಿತ್ತು, ಲೇತ್ ಮೆಷಿನ್ ಇಟ್ಟಿರುವ ನಮ್ಮ ಲೇತ್ ಮಾಮ ಅದನ್ನು ಎಷ್ಟು ಚೆನ್ನಾಗಿ ಉಜ್ಜಿಕೊಟ್ಟರು, ವಾಲ್ವುಗಳನ್ನು ನಾನೇ ಹೇಗೆ ಕೂರಿಸಿದೆ ಎಲ್ಲ. ಅನ್ನ ಎರಡು ಸಲ ಬಡಿಸಿಕೊಂಡೆ. ಆಮೇಲೆ ಇವರ ಗಡ್ಡ ಹೆರೆದೆ. ಅತ್ತೆ ತಲೆ ಬಾಚಿಕೊಂಡು, ಪೆಟ್ಟಿಗೆಯಿಂದ ಒಗೆದ ಸೀರೆ ತೆಗೆದು ಉಟ್ಟಿದ್ದಾರೆ. ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆ ಇವರೇನಾ ಅಂತ ನೋಡಿದೆ.

ಮಾರ್ಚ್ ೮, ಶನಿವಾರ

ಮೂರನೇದರಲ್ಲಿ ಏನೂ ಇಲ್ಲ.

ಡೀಸಲ್ ಸಿಂಪಡಿಸುವ ನಾಜಲ್ ಬದಲಾಯಿಸಿದೆ. ಸ್ಪ್ರಿಂಗು ನೋಡಿದೆ, ವಾಲ್ವ್ ನೋಡಿದೆ, ಅದನ್ನು ತಳ್ಳುವ ಪುಶ್‌ರಾಡ್ ಗಾಜಿನ ಮೇಲೆ ಉರುಳಿಸಿ ನೋಡಿದೆ. ಎಲ್ಲ ನೆಟ್ಟಗಿವೆ. ಮತ್ತೆ ಕೂಡಿಸಿ ಶುರು ಮಾಡಿದರೆ ಟಕ್, ಟಕ್, ಟಕ್. ಒಳಗೆ ಇವರು ಮೂರು. ಮತ್ತೆ ಮೂರು.

"ಮೂರು ಅಂತ ಗೊತ್ತಾಯ್ತು ಮಾರಾಯರೇ, ಮೂರರಲ್ಲಿ ಏನು ಅಂತ ಹೇಳಿ," ಅಂತ ಕಿಟಕಿಯಲ್ಲಿ ನಿಂತು ರೇಗಿದೆ. ಮುಂಚೆಯೂ ಹೀಗೇ. ಎಲ್ಲಿ ಅಂತ ಹೇಳುವರು, ಏನು ಅಂತ ಹೇಳದೆ ಬೀಡಿ ಹಚ್ಚುವರು. ನಾನು ತಲೆ ಕೆಡಿಸಿಕೊಳ್ಳುವುದನ್ನು ನೋಡಲು ಇವರಿಗೆ ಎಲ್ಲಿಲ್ಲದ ಖುಷಿ.

ರೇಗಿದ್ದಕ್ಕೆ ಅತ್ತೆ ನನ್ನ ಜೊತೆ ಸಂಜೆಯ ತನಕ ಮಾತು ಬಿಟ್ಟರು.

ಮಾರ್ಚ್ ೯, ಭಾನುವಾರ

ಶೆಡ್ಡಿಗೆ ಹೋಗಲಿಲ್ಲ. ಆದರೂ ಕೇಳಿಸುತ್ತಿದೆ. ಫ್ಯಾನಿನಲ್ಲಿದೆ. ನಲ್ಲಿ ತೊಟ್ಟಿಕ್ಕುವುದರಲ್ಲಿದೆ. ಅತ್ತೆ ಕೋಲೂರಿ ಅಡುಗೆಮನೆಗೆ ಹೋದರೆ ಕೋಲಿನಲ್ಲಿದೆ. ಸ್ನಾನದ ಮನೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂತೆ, ಆಗ ಒಳಗಿನಿಂದಲೇ ಕೇಳಿಸಿತು.

ಹೆದರಿಕೆಯಾಗುತ್ತಿದೆ. ಯಾಕೆಂದು ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೧, ಮಂಗಳವಾರ

ಲೇತ್ ಮಾಮ ಬಂದಿದ್ದರು. ಹೆಡ್ಡನ್ನು ಉಜ್ಜಿ ಸಮ ಮಾಡಿಕೊಟ್ಟವರು ಅವರೇ. ಇವರಿಗೆ ಬಾಲ್ಯದ ಗೆಳೆಯರು, ನನಗೆ ಮಾಮ. ಮೊದಲು ಒಳಗೆ ಹೋಗಿ ಇವರ ಪಕ್ಕ ಅರ್ಧ ಗಂಟೆ ಕೂತರು. ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಹೊರಗೆ ಬಂದು ಬಸ್ಸಿನ ಶಬ್ದ ಕೇಳಿದರು.

"ಇದೆ ಕಣಮ್ಮ. ನಿನ್ನ ಕಿವಿ ಸುಳ್ಳಲ್ಲ," ಅಂದರು. ಒಬ್ಬರಾದರೂ ಹೇಳಿದರಲ್ಲ ಅಂತ ಎದೆ ಹಗುರಾಯಿತು. ಅಷ್ಟರಲ್ಲಿ ಕೇಳಿದರು, "ಒಂದೊಂದೇ ಸಿಲಿಂಡರಿಗೆ ಡೀಸಲ್ ಕಟ್ ಮಾಡಿ ನೋಡಿದ್ಯಾ?"

"ಮೂರನೇದು ಮಾಡಿದೆ."

"ಮಿಕ್ಕಿದ್ದು?"

"ಇಲ್ಲ ಮಾಮ."

"ಯಾಕೆ?"

"ಅವರು ಮೂರು ಅಂತಿದಾರಲ್ಲ."

ಮಾಮ ಕೈಯಲ್ಲಿದ್ದ ಬಟ್ಟೆ ಮಡಿಸಿದರು, ಬಿಡಿಸಿದರು. "ಮಗಳೇ, ನಾನು ಕೂತಿದ್ದಾಗ ಎಂಜಿನ್ ಓಡ್ತಿರಲಿಲ್ಲ. ಆಗ್ಲೂ ಬಡೀತಿದ್ದ," ಅಂದರು.

"ನೆನಪಿಸ್ತಿದಾರೆ. ನಾನಿನ್ನೂ ಸರಿ ಮಾಡಿಲ್ಲ ಅಂತ ಸಿಟ್ಟು ಅವರಿಗೆ."

"ಒಂದು ಸಲ ನಾಲ್ಕು ಬಡಿದ."

"ನೀವು ಎಣಿಸಿದ್ದು ತಪ್ಪಿರಬೇಕು."

"ಇರಬಹುದಮ್ಮ," ಅಂದು ಎದ್ದು ಹೋದರು. ಚಹಾ ಹಾಗೇ ಉಳಿಯಿತು.

ಮಾರ್ಚ್ ೧೨, ಬುಧವಾರ

ಮಾಮನ ಮೇಲೆ ಬೆಳಗ್ಗೆಯಿಂದ ಸಿಟ್ಟು. ಗೆಳೆಯ ಅಂತೆ. ಗೆಳೆಯನಾದವನು ಹೀಗೆ ಮಾತಾಡುತ್ತಾನಾ? ಮಿಕ್ಕ ಸಿಲಿಂಡರುಗಳನ್ನು ನಾನು ಕಟ್ ಮಾಡಿ ನೋಡುವುದು ಐದು ನಿಮಿಷದ ಕೆಲಸ, ಗೊತ್ತಿಲ್ಲದೆ ಇಲ್ಲ. ಕಿಟಕಿಯ ಆ ಕಡೆ ಅವರು ಮಲಗಿ ಮೂರು ಅನ್ನುತ್ತಿರುವಾಗ ಈ ಕಡೆ ನಾನು ಒಂದು, ಎರಡು, ನಾಲ್ಕು ಅಂತ ನಟ್ ಬಿಚ್ಚುತ್ತಾ ಕೂತರೆ, ಅವರಿಗೆ ಹೇಗಾಗಬೇಕು? ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.

ಗಡಿಬಿಡಿ ಬಂದು ಸೋಮವಾರಕ್ಕೆ ಬಸ್ಸು ಬೇಕೇ ಬೇಕು ಅಂದ. ಕೊಡುತ್ತೇನೆ ಅಂದೆ. ಹೇಗೆ ಕೊಡುತ್ತೇನೋ ಗೊತ್ತಿಲ್ಲ. ಅದೇ ಏರಿನಲ್ಲಿ, ಮಕ್ಕಳನ್ನು ತುಂಬಿಕೊಂಡಿರುವಾಗ, ಆ ಟಕ್ ಏನಾಗುತ್ತದೋ ಯಾರಿಗೆ ಗೊತ್ತು.

ಮಾರ್ಚ್ ೧೩, ಗುರುವಾರ

ಎಂಜಿನ್ ಶುರು ಮಾಡಲೇ ಇಲ್ಲ. ಇವರ ಪಕ್ಕ ಕೂತು ಎಣಿಸಿದೆ. ಮೂರು, ಮೂರು, ಎರಡು, ಮೂರು, ಐದು, ಮೂರು, ಒಂದು.

ಜಾಸ್ತಿ ಮೂರೇ.

ಮಾರ್ಚ್ ೧೫, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ಹತ್ತಕ್ಕೆ ಅತ್ತೆ ಇವರ ಮೈ ಒರೆಸುತ್ತಿದ್ದರು. ನಾನು ಹೋಗಿ ಕಿಟಕಿ ಹಾಕಿದೆ. ಧೂಳು ಬರುತ್ತದೆ ಅಂದೆ. ಧೂಳೇನೂ ಇರಲಿಲ್ಲ. ಎಂಜಿನ್ ಶುರು ಮಾಡಿದೆ. ನಾಲ್ಕನೇದರ ನಟ್ ಸಡಿಲಿಸಿದೆ, ಶಬ್ದ ಇದೆ. ಬಿಗಿದೆ. ಎರಡನೇದು, ಇದೆ. ಬಿಗಿದೆ. ಮೂರನೇದನ್ನು ಮತ್ತೆ ಸಡಿಲಿಸಿ ಬಹಳ ಹೊತ್ತು ಹಾಗೇ ನಿಂತೆ. ಕಮ್ಮಿಯಾಯಿತು ಅನ್ನಿಸಲಿ ಅಂತ ಕಣ್ಣು ಮುಚ್ಚಿಕೊಂಡು ಕೇಳಿದೆ. ಒಂಚೂರೂ ಕಮ್ಮಿಯಾಗಿರಲಿಲ್ಲ. ಒಂಬತ್ತು ದಿನದ ಹಿಂದೆಯೂ ಆಗಿರಲಿಲ್ಲ.

ಒಂದನೇದರ ನಟ್‌ಗೆ ಸ್ಪ್ಯಾನರ್ ಹಾಕಿದೆ. ಸ್ಪ್ಯಾನರ್ ಅರ್ಧ ಸುತ್ತು ತಿರುಗಿದ್ದೇ ಟಕ್ ನಿಂತುಹೋಯಿತು. ಬಾಗಿಲಾಚೆ ತಟ್ಟುತ್ತಿದ್ದವರು ಬೇಸತ್ತು ಹೊರಟುಹೋದ ಹಾಗೆ.

ಎಂಜಿನ್ ಆರಿಸಿ ಒಂದನೇ ನಾಜಲ್ ಹೊರತೆಗೆದೆ. ಅದರ ಬುಡಕ್ಕೆ ನಾನು ಹಾಕಿದ ಹೊಸ ತಾಮ್ರದ ವಾಷರ್ ಇತ್ತು, ಫಳಫಳ ಹೊಳೆಯುತ್ತಿತ್ತು. ಟಾರ್ಚು ಹಿಡಿದು ನಾಜಲ್ ಕೂರುವ ಗುಂಡಿಯೊಳಗೆ ನೋಡಿದೆ. ತಳದಲ್ಲಿ ಕರ್ರಗೆ, ಹೆಡ್ಡಿನದ್ದೇ ಭಾಗವೇನೋ ಅನ್ನುವಂತೆ, ಹಳೆ ವಾಷರ್ ಅಂಟಿ ಕೂತಿತ್ತು. ತಂತಿ ಬಗ್ಗಿಸಿ ಎಬ್ಬಿಸಿದೆ. ವಾಷರ್ ಒಂದರ ಮೇಲೊಂದು ಎರಡಾಗಿ ನಾಜಲ್ ಮೇಲಕ್ಕೆ ಕೂತಿದೆ, ಡೀಸಲ್ ಬೀಳಬಾರದ ಕಡೆ ಬಿದ್ದು ಸಿಡಿದಿದೆ. ಅಷ್ಟೇ.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಗೆ ಬಂದದ್ದು ಬರೀ ಚೊಕ್ಕ ಗುಂಡಿಗಳು. ಹಳೆಯದು ಒಳಗೇ ಉಳಿಯಬಹುದು, ಅದನ್ನು ಕಿತ್ತು ಎಣಿಸಬೇಕು ಅನ್ನುವುದು ಬಿಚ್ಚುವವರ ಕೆಲಸ. ಅವರು ಮಾಡುತ್ತಿದ್ದರು, ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತಲೇ ಅವರಿಗೆ ಅನಿಸಿರಲಿಕ್ಕಿಲ್ಲ. ನಾನೂ ಕೇಳಿರಲಿಲ್ಲ. ಒಂದು ಎಂಜಿನ್ನಿನಲ್ಲಿ ಅರ್ಧ ಅವರಿಗೆ, ಅರ್ಧ ನನಗೆ ಗೊತ್ತಿತ್ತು, ಅದನ್ನೇ ನಾನು ಪೂರಾ ಅಂದುಕೊಂಡಿದ್ದೆ.

ದೋಷ ಸಿಕ್ಕಿದ ಮೆಕ್ಯಾನಿಕ್ ಖುಷಿಪಡಬೇಕು. ಟೈರಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಮೂರನೇದರಲ್ಲಿ ಏನಾದರೂ ಇರಲಿ, ಒಂದು ಬಿರುಕಾದರೂ ಇರಲಿ ಅಂತ ಹತ್ತು ದಿನ ಬೇಡಿಕೊಂಡಿದ್ದೆ. ಇದ್ದಿದ್ದರೆ ಅವರು ಅಲ್ಲಿದ್ದಾರೆ ಅಂತ ಅರ್ಥ. ಮೈ ಬಿದ್ದರೂ ಒಳಗೆ ಕೂತು ನನ್ನ ಕೆಲಸ ಕೇಳುತ್ತಿದ್ದಾರೆ ಅಂತ. ಈಗ ಒಂದನೇದು. ಅವರು ಯಾವತ್ತೂ ಒಂದು ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲ.

ಕೂಡಿಸಿ ಶುರು ಮಾಡಿದೆ. ಎಂಜಿನ್ ಅಷ್ಟು ನಯವಾಗಿ ಓಡಿದ್ದನ್ನು ನಾನು ಕೇಳಿಲ್ಲ. ಓಡುತ್ತಿರಲಿ ಅಂತ ಬಿಟ್ಟು ಒಳಗೆ ಹೋದೆ. ಬೆರಳು ಸರಳಿನ ಮೇಲೆ ಬಡಿಯುತ್ತಿತ್ತು. ಮೂರು. ಮತ್ತೆ ಮೂರು.

ಅತ್ತೆ ಬಟ್ಟಲು ಹಿಡಿದು ಮಂಚದ ಪಕ್ಕ ನಿಂತಿದ್ದರು. ಮುಖ ಕಿಟಕಿ ಕಡೆಗಿತ್ತು.

"ಶಬ್ದ ಹೋಯ್ತಲ್ವಾ?" ಅಂದರು. ಅವರಿಗೂ ಕೇಳಿಸಿತ್ತು, ಮುಚ್ಚಿದ ಕಿಟಕಿಯಿಂದಲೇ.

"ಹೋಯ್ತು ಅತ್ತೆ."

"ಮೂರನೇದೇ ತಾನೆ?"

ಆ ಮುಖ ನೋಡಿದೆ. ನಾಲ್ಕು ತಿಂಗಳು ಸತ್ತ ಹಾಗೆ ಬಿದ್ದಿದ್ದ ಮುಖ, ಈ ಹತ್ತು ದಿನ ಬದುಕಿದ್ದು ಒಂದು ಬೆರಳಿನ ಮೇಲೆ.

"ಮೂರನೇದೇ," ಅಂದೆ.

"ನೋಡಿದ್ಯಾ ಮಗನೇ, ನೀನ್ ಹೇಳಿದ್ದೇ ಸರಿ ಹೋಯ್ತು," ಅಂತ ಅವರ ಹಣೆ ಸವರಿದರು. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ ೧೭, ಸೋಮವಾರ

ಬಸ್ಸು ಹೋಯಿತು. ಏರಿನ ತನಕ ನಾನೂ ಕೂತು ಹೋಗಿ ನಡೆದುಕೊಂಡು ಬಂದೆ. ಗಡಿಬಿಡಿ, "ಈಗ್ಲೂ ಮೊದಲಿನ ಹಾಗೇ ಇದೆಯಲ್ಲಕ್ಕ," ಅಂದ. ಇಂಥವರ ಕೈಯಲ್ಲಿ ಸ್ಟೇರಿಂಗು.

ಮಾರ್ಚ್ ೨೬, ಬುಧವಾರ

ಅತ್ತೆ ಬೀದಿಗೆಲ್ಲ ಡಂಗುರ ಹೊಡೆದಿದ್ದಾರೆ. ಮಲಗಿದಲ್ಲೇ ನನ್ನ ಮಗ ಯಾವ ಸಿಲಿಂಡರು ಅಂತ ಹೇಳ್ತಾನೆ ಅಂತ. ಗಡಿಬಿಡಿ ಅದನ್ನು ಬಸ್ ನಿಲ್ದಾಣಕ್ಕೆ ತಲುಪಿಸಿದ್ದಾನೆ. ಮೊನ್ನೆಯಿಂದ ಐದು ಗಾಡಿ ಬಂದವು. ನೆಟ್ಟಗೆ ಕಿಟಕಿ ಕೆಳಗೇ ನಿಲ್ಲಿಸಿ, ಎಂಜಿನ್ ಓಡಿಸುತ್ತಾ, ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. "ಯಜಮಾನ್ರು ಏನಂದ್ರು?" ಅಂತ ತಗ್ಗಿದ ದನಿಯಲ್ಲಿ ಕೇಳುತ್ತಾರೆ.

ಒಳಗೆ ಬೆರಳು ಮೂರು ಅನ್ನುತ್ತಿರುತ್ತದೆ. ಅಷ್ಟರೊಳಗೆ ದೋಷ ಯಾವುದೆಂದು ಹೊರಗೇ ನನಗೆ ಗೊತ್ತಾಗಿರುತ್ತದೆ. ಪಂಪು, ಬೇರಿಂಗು, ಬೆಲ್ಟು. ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು ಹೇಳುತ್ತೇನೆ. ಐದು ಸಲವೂ ಹೇಳಿದ್ದು ಸರಿಯಾಗಿತ್ತು. ಅವರ ಹೆಸರು ಕೆಡಲಿಲ್ಲ. ಕಿಟಕಿ ಕೆಳಗೆ ಗಾಡಿ ನಿಲ್ಲಿಸಬೇಡಿ, ನನ್ನ ಶೆಡ್ಡಿಗೆ ದಾರಿ ಅಡ್ಡವಾಗುತ್ತದೆ ಅಂತ ಬೋರ್ಡು ಬರೆಸಬೇಕು.

ಲೇತ್ ಮಾಮನ ಹತ್ತಿರ ಮಾತ್ರ ನಿಜ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಏಪ್ರಿಲ್ ೫, ಶನಿವಾರ

ಮೂರು ದಿನದಿಂದ ಬೆರಳು ಆಡುತ್ತಿಲ್ಲ. ಉಸಿರು ಸರಿಯಾಗಿದೆ, ಮೈ ಬೆಚ್ಚಗಿದೆ, ಬಾಯಿಗಿಟ್ಟದ್ದನ್ನು ನುಂಗುತ್ತಾರೆ. ಡಾಕ್ಟರು ನೋಡಿ ಹೋದರು, ಆ ನರವೂ ಸುಸ್ತಾಗಿರಬೇಕು ಅಂದರು.

"ಯಾಕೇ ಅವನು ಸುಮ್ನಾಗಿದಾನೆ?" ಅಂತ ಅತ್ತೆ ನಿನ್ನೆ ಎರಡು ಸಲ, ಇವತ್ತು ಬೆಳಗ್ಗೆ ಒಂದು ಸಲ ಕೇಳಿದರು. "ಗಾಡಿ ಬಂದಿಲ್ವಲ್ಲ ಅತ್ತೆ, ಏನಂತ ಹೇಳ್ತಾರೆ," ಅಂದೆ. ಮಧ್ಯಾಹ್ನ ಅತ್ತೆಯ ತಟ್ಟೆ ಹಾಗೇ ವಾಪಸ್ಸು ಬಂತು.

ಮೂರು ಗಂಟೆಗೆ ನೀರಿನ ಟ್ಯಾಂಕರ್ ಬಂತು. ಡ್ರೈವರ್ ಎಂಜಿನ್ ಓಡಿಸಿ ಕೈಕಟ್ಟಿ ನಿಂತ. ಬಾನೆಟ್ ಎತ್ತುವ ಮೊದಲೇ ತಿಳಿಯಿತು, ಎರಡನೇದರಲ್ಲಿ ಟ್ಯಾಪೆಟ್ ಸಡಿಲ. ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಗಾಡಿ ಬಂತಲ್ಲ. ಏನಂತಾನೆ ಕೇಳು."

ಒಳಗೆ ಹೋದೆ. ಬೆರಳು ಸರಳಿನ ಮೇಲೆ ಇತ್ತು. ಅದನ್ನು ಎತ್ತಿ ಎರಡು ಸಲ ಬಡಿಸಿದೆ. ನಿನ್ನೆಯಷ್ಟೇ ನಾನೇ ಅವರ ಉಗುರು ಕತ್ತರಿಸಿದ್ದೆ, ಬರೀ ಚರ್ಮ ತಾಗಿ ಸದ್ದೇ ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಅವರ ಕೈಯನ್ನು ಹೊದಿಕೆಯೊಳಗೆ ಇಟ್ಟೆ. ನನ್ನ ಬೆರಳನ್ನು ಸರಳಿನ ಮೇಲಿಟ್ಟು, ಉಗುರಿನಿಂದ ಎರಡು ಸಲ ಬಡಿದೆ.

"ಎರಡು," ಅಂದರು ಅತ್ತೆ ಒಳಗಿನಿಂದ. "ಎರಡು ಅಲ್ವೇನೇ?"

"ಹೂಂ ಅತ್ತೆ, ಎರಡು."

"ನಂಗೆ ಕೇಳಿಸ್ತು," ಅಂದರು. ಆಮೇಲೆ ತಟ್ಟೆಗೆ ಅನ್ನ ಬಡಿಸಿಕೊಳ್ಳುವ ಸದ್ದಾಯಿತು.

ಟ್ಯಾಂಕರಿನದು ಎರಡನೇದೇ. ಕಾಲು ಗಂಟೆಯಲ್ಲಿ ಮುಗಿಯಿತು. ನಾಳೆ ಭಾನುವಾರ, ಗಾಡಿ ಬರುವುದಿಲ್ಲ. ಆದರೂ ಬೆಳಗ್ಗೆ ಎದ್ದ ಕೂಡಲೇ ಒಂದೆರಡು ಸಲ ಬಡಿಯಬೇಕು, ಅತ್ತೆ ಕಾಯುತ್ತಿರುತ್ತಾರೆ.